ಊರಿನಲ್ಲಿರುವ ಅಪ್ಪ-ಅಮ್ಮನ ಕೈಯಲ್ಲಿ ಸ್ಮಾರ್ಟ್‌ಫೋನ್: ಇರಲಾ, ಬೇಡವಾ? ನಿಮ್ಮ ಅನುಭವ ಹೇಳಿ

ಕೇಳಿದವರು: ತೀರ್ಥಹಳ್ಳಿ ಕಡೆಯವರು, ಈಗ ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 72, ಅಮ್ಮನಿಗೆ 66. ತೋಟದ ಮನೆಯಲ್ಲಿ ಇಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ, ತಮ್ಮ ದುಬೈನಲ್ಲಿ. ಅಪ್ಪ ಅಂಚೆ ಇಲಾಖೆಯಲ್ಲಿ ಇದ್ದವರು. ಅವರ ಪಿಂಚಣಿ, ಅಡಿಕೆ ಮಾರಿದ ದುಡ್ಡು ಎಲ್ಲವೂ ಒಂದೇ ಖಾತೆಗೆ ಬೀಳುತ್ತದೆ.

ಅಮ್ಮ ಈಗ ಫೋನ್‌ಪೇ ಹಾಕಿಕೊಡು ಅಂತ ಪಟ್ಟು ಹಿಡಿದಿದ್ದಾರೆ. ಪೇಟೆಯಲ್ಲಿ ಔಷಧಿ ಅಂಗಡಿಗೆ ಹೋದರೆ ಚಿಲ್ಲರೆ ಇಲ್ಲ ಅನ್ನುತ್ತಾರಂತೆ. ಆಟೋದವರೂ ಸ್ಕ್ಯಾನ್ ಮಾಡಿ ಅನ್ನುತ್ತಾರಂತೆ. ಇದೇ ಹೊತ್ತಿಗೆ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಒಂದು ಕರೆ ಬಂದಿತ್ತು. ನಿಮ್ಮ ಆಧಾರ್ ನಂಬರಿನಲ್ಲಿ ಹೋದ ಪಾರ್ಸಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಮುಂಬೈ ಪೊಲೀಸರು ಮಾತಾಡುತ್ತಾರೆ, ಲೈನಿನಲ್ಲೇ ಇರಿ ಅಂದರಂತೆ. ಅಷ್ಟರಲ್ಲಿ ಕರೆಂಟ್ ಹೋಗಿ ವೈಫೈ ನಿಂತಿತು, ಬಚಾವಾದರು. ಆದರೆ ಅಪ್ಪ ಇದನ್ನು ನಮಗೆ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ. ಅದೂ ಅಮ್ಮ ಬಲವಂತ ಮಾಡಿದ್ದಕ್ಕೆ.

ತಮ್ಮ, ಸ್ಮಾರ್ಟ್‌ಫೋನ್ ವಾಪಸ್ ತಗೊಂಡು ಕೀಪ್ಯಾಡ್ ಫೋನ್ ಕೊಟ್ಟುಬಿಡು ಅನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಿಮ್ಮ ಮನೆಗಳಲ್ಲಿ ಏನು ಮಾಡಿದ್ದೀರಿ? ದಯವಿಟ್ಟು ತಿಳಿಸಿ.

ಶಿರಸಿಯಿಂದ, ಶಾಲಾ ಶಿಕ್ಷಕಿ

ಅಕ್ಕಾ, ಕಿತ್ತುಕೊಳ್ಳಬೇಡಿ. ನಿಮ್ಮದೂ ಅಡಿಕೆ ಮನೆ ಅಂದಿದ್ದಕ್ಕೆ ಇದನ್ನು ಹೇಳುತ್ತೇನೆ. ನಮ್ಮ ಅಪ್ಪಯ್ಯನ ಬೆರಳುಗಳು ಅಡಿಕೆ ಸುಲಿದು ಸುಲಿದು ಸವೆದಿವೆ. ಚೊಗರು ಹಿಡಿದು ತುದಿಯೆಲ್ಲ ಕಪ್ಪು. ಪ್ರತಿ ನವೆಂಬರಿನಲ್ಲೂ ಪಿಂಚಣಿಗೆ ಬದುಕಿದ್ದೇವೆ ಅಂತ ತೋರಿಸುವ ಲೈಫ್ ಸರ್ಟಿಫಿಕೇಟ್ ಮಾಡಿಸಲು ಹೋದರೆ ಬೆರಳಚ್ಚಿನ ಯಂತ್ರ ಅವರನ್ನು ಗುರುತಿಸುತ್ತಲೇ ಇರಲಿಲ್ಲ. ಒರೆಸಿ ಇಡಿ, ಇನ್ನೊಂದು ಬೆರಳು ಇಡಿ, ಸೋಪು ಹಾಕಿ ತೊಳೆದು ಬನ್ನಿ. ಹಿಂದೆ ಸಾಲಿನಲ್ಲಿ ನಿಂತವರ ಮುಂದೆ ಅವರಿಗೆ ಎಷ್ಟು ಸಂಕೋಚ ಆಗುತ್ತಿತ್ತು ಅಂತ ನನಗೆ ಗೊತ್ತು.

2021ರಿಂದ ಮುಖ ತೋರಿಸಿ ಮಾಡುವ ವ್ಯವಸ್ಥೆ ಇದೆ. ಜೀವನ್ ಪ್ರಮಾಣ್ ಆ್ಯಪ್, ಅದರ ಜೊತೆಗೆ ಆಧಾರ್ ಫೇಸ್ ಆರ್‌ಡಿ ಅಂತ ಇನ್ನೊಂದು ಹಾಕಿಕೊಳ್ಳಬೇಕು. ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿ, ಕಣ್ಣು ಮಿಟುಕಿಸಿ ಅಂದರೆ ಆಯಿತು. ಅಪ್ಪಯ್ಯ ಈಗ ಪಕ್ಕದ ಮನೆಯ ನಿವೃತ್ತ ಮೇಷ್ಟರಿಗೂ ತಾವೇ ಮಾಡಿಕೊಡುತ್ತಾರೆ. 80 ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶ ಇದೆ. ಸ್ಮಾರ್ಟ್‌ಫೋನ್ ತಗೊಂಡುಬಿಟ್ಟರೆ ಇದೆಲ್ಲ ಹೋಯಿತು, ಅಲ್ವಾ?

ಕಲಿಸುವಾಗ ಒಂದು ಮಾತು. ಫೋನ್ ಅವರ ಕೈಯಲ್ಲೇ ಇರಲಿ. ನೀವು ಮುಟ್ಟಬೇಡಿ, ಬಾಯಲ್ಲಿ ಮಾತ್ರ ಹೇಳಿ. ಫೋನಿನ ಭಾಷೆಯನ್ನು ಕನ್ನಡಕ್ಕೆ ಹಾಕಿ, ಅಕ್ಷರ ದೊಡ್ಡದು ಮಾಡಿ. ನಾನು ಅಪ್ಪಯ್ಯನಿಗೆ ಒಂದೊಂದು ರೂಪಾಯಿ ನನಗೇ ಕಳಿಸಿ ಅಂತ ಹೇಳಿ ಅಭ್ಯಾಸ ಮಾಡಿಸಿದೆ. ಕೈ ನಡುಗಿ ಒಂದು ಅಂಕಿ ಎರಡು ಸಲ ಬೀಳುತ್ತಿತ್ತು. ಅದಕ್ಕೆ ಫೋನನ್ನು ಮೇಜಿನ ಮೇಲೆ ಇಟ್ಟು ತೋರುಬೆರಳಿನಿಂದ ಒತ್ತುವುದು ರೂಢಿ ಮಾಡಿಕೊಂಡರು. ಪಿನ್ ಒಂದು ಬಿಟ್ಟು ಎಲ್ಲ ಹೆಜ್ಜೆಗಳನ್ನೂ ತಮ್ಮ ಕೈಬರಹದಲ್ಲೇ ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಾರೆ.

ದಾವಣಗೆರೆಯಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ನೋಡಮ್ಮಾ, ಎಲ್ಲ ದುಡ್ಡು ಒಂದೇ ಖಾತೆಯಲ್ಲಿದೆ ಅಂದೆಯಲ್ಲ, ಮೊದಲು ಅದನ್ನು ಸರಿ ಮಾಡು. ಅಮ್ಮನ ಹೆಸರಲ್ಲಿ ಇನ್ನೊಂದು ಉಳಿತಾಯ ಖಾತೆ ತೆಗೆಸು. ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಅದರಲ್ಲಿರಲಿ. ಯುಪಿಐ ಅದಕ್ಕೆ ಮಾತ್ರ ಜೋಡಿಸು. ಪಿಂಚಣಿಯ ಖಾತೆಗೂ ಎಫ್‌ಡಿಗೂ ಫೋನಿನಿಂದ ದಾರಿಯೇ ಇರಬಾರದು.

ಅಮ್ಮನಿಗೆ ಪಿನ್ ಒತ್ತುವುದು ಕಷ್ಟ ಅನ್ನಿಸಿದರೆ ಯುಪಿಐ ಲೈಟ್ ಇದೆ. ಅದರಲ್ಲಿ ಹೆಚ್ಚೆಂದರೆ 5,000 ರೂಪಾಯಿ ಇಟ್ಟುಕೊಳ್ಳಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ತರಕಾರಿ, ಆಟೋ, ಔಷಧಿಗೆ ಧಾರಾಳ ಸಾಕು. 2024ರಲ್ಲಿ ಯುಪಿಐ ಸರ್ಕಲ್ ಅಂತ ಬಂತು. ಅದರಲ್ಲಿ ಅಮ್ಮ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ದುಡ್ಡು ನಿನ್ನ ಖಾತೆಯಿಂದ ಹೋಗುತ್ತದೆ. ಪ್ರತಿ ಸಲ ನೀನು ಒಪ್ಪಿಗೆ ಕೊಡುವ ಹಾಗೂ ಮಾಡಬಹುದು. ಇಲ್ಲವಾದರೆ ಮೊದಲೇ ಮಿತಿ ಹಾಕಿ ಬಿಡಬಹುದು, ತಿಂಗಳಿಗೆ ಗರಿಷ್ಠ 15,000.

ಪಿನ್ ವಿಷಯ ಅವರ ತಲೆಯಲ್ಲಿ ಕೂರಬೇಕು. ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ. ದುಡ್ಡು ಬರುತ್ತದೆ ಅಂತ ಹೇಳಿ ಪಿನ್ ಕೇಳಿದರೆ ದುಡ್ಡು ನಮ್ಮಿಂದ ಹೋಗುತ್ತಿದೆ ಅಂತಲೇ. ‘ದುಡ್ಡು ಕಳಿಸಿದ್ದೇನೆ, ಒಪ್ಪಿಗೆ ಒತ್ತಿ’ ಅಂತ ರಿಕ್ವೆಸ್ಟ್ ಕಳಿಸಿ ಎಷ್ಟೋ ಜನರನ್ನು ಬೋಳಿಸಿದರು. ಜನರಿಂದ ಜನರಿಗೆ ಹಾಗೆ ದುಡ್ಡು ಕೇಳುವ ಸೌಲಭ್ಯವನ್ನೇ 2025ರ ಅಕ್ಟೋಬರಿನಿಂದ ನಿಲ್ಲಿಸಿದ್ದಾರೆ. ಮೋಸಗಾರರು ಬೇರೆ ದಾರಿ ಹುಡುಕಿರುತ್ತಾರೆ, ಅದು ಬೇರೆ ಮಾತು.

ಇನ್ನು ಅಪ್ಪನಿಗೆ ಬಂದ ಕರೆ. ಡಿಜಿಟಲ್ ಅರೆಸ್ಟ್ ಅಂತಾರೆ ಅದನ್ನು. ನಮ್ಮ ದೇಶದ ಯಾವ ಕಾನೂನಿನಲ್ಲೂ ಅಂಥದ್ದಿಲ್ಲ. ಪ್ರಧಾನಿ 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ಇದನ್ನೇ ಬಿಡಿಸಿ ಹೇಳಿದ್ದರು. ನಾನು ಸರ್ವೀಸಿನಲ್ಲಿದ್ದಾಗ ಒಬ್ಬರು ಹಿರಿಯರು ಎಫ್‌ಡಿ ಮುರಿಸಲು ಬಂದರು. ಅಂಗಿಯ ಜೇಬಿನಲ್ಲಿ ಫೋನ್, ಕರೆ ಇನ್ನೂ ನಡೆಯುತ್ತಿತ್ತು. ಯಾಕೆ ಸಾರ್ ಅಂದರೆ ಮೊಮ್ಮಗಳ ಮದುವೆ ಅಂದರು. ಧ್ವನಿ ನಡುಗುತ್ತಿತ್ತು. ಮಾತಾಡದೆ ಒಂದು ಚೀಟಿಯಲ್ಲಿ ‘ಯಾರಾದರೂ ಹೆದರಿಸುತ್ತಿದ್ದಾರಾ?’ ಅಂತ ಬರೆದು ಮುಂದಿಟ್ಟೆ. ಓದಿ ಕಣ್ಣಲ್ಲಿ ನೀರು ತಂದುಕೊಂಡರು. ಬೆಳಿಗ್ಗೆಯಿಂದ ಮನೆಯವರಿಗೂ ಹೇಳಬಾರದು ಅಂತ ಅವರನ್ನು ಕಟ್ಟಿಹಾಕಿದ್ದರು. ‘ಮನೆಯವರಿಗೆ ಹೇಳಬೇಡಿ’ ಅಂದ ಕೂಡಲೇ ಕರೆ ಕತ್ತರಿಸಬೇಕು. ಅಪ್ಪನಿಗೆ ಇದೊಂದು ನೆನಪಿದ್ದರೆ ಸಾಕು.

ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಆಮೇಲೆ ಬ್ಯಾಂಕಿಗೆ. ನಾಳೆ ನೋಡೋಣ ಅನ್ನಬಾರದು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಬೇಗ ಹೇಳಿದಷ್ಟೂ ನಡುವೆ ಎಲ್ಲಾದರೂ ತಡೆದು ನಿಲ್ಲಿಸುವ ಅವಕಾಶ ಜಾಸ್ತಿ.

ತುಮಕೂರಿನಿಂದ, ಕಿರಾಣಿ ಅಂಗಡಿಯವರು

ಮೇಡಂ, ಅಮ್ಮನಿಗೆ ಹಾಕಿಕೊಡಿ, ಆದರೆ ಸೆರಗಿನ ಗಂಟಿನಲ್ಲಿ ನೋಟೂ ಇರಲಿ. ನೆಟ್‌ವರ್ಕ್ ಕೈಕೊಟ್ಟಾಗ ವಯಸ್ಸಾದವರು ಗಾಬರಿಯಾಗಿ ಎರಡೆರಡು ಸಲ ಒತ್ತುತ್ತಾರೆ. ನಮ್ಮಲ್ಲಿಗೆ ಬರುವ ಅಜ್ಜಿಯಂದಿರು ಫೋನ್ ತೋರಿಸಿ ‘ಹೋಯ್ತೇನಪ್ಪಾ ನೋಡು’ ಅನ್ನುತ್ತಾರೆ. ನಾನು, ದುಡ್ಡು ಬಂತು ಅಂತ ಅಂಗಡಿಯ ಡಬ್ಬಿ ಮಾತಾಡುವವರೆಗೂ ಕಾಯಿರಿ ಅಮ್ಮಾ, ಆಮೇಲೆ ಬೇಕಾದರೆ ಒತ್ತಿ ಅನ್ನುತ್ತೇನೆ. ಇನ್ನೊಂದು ವಿಷಯ, ಎಲ್ಲ ಕಡೆ ಯಾವಾಗಲೂ ನಡೆಯುತ್ತದೆ ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಎಷ್ಟೋ ಬೇಕರಿ, ಹಾಲಿನ ಅಂಗಡಿಯವರು ಕ್ಯೂಆರ್ ಹಾಳೆಯನ್ನೇ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದರು.

ಹಾಸನದಿಂದ

ನಾನು ನಿಮ್ಮ ತಮ್ಮನ ಕಡೆ. ನಮ್ಮ ತಂದೆಗೆ ಸ್ಮಾರ್ಟ್‌ಫೋನ್ ಬೇಡ ಅನ್ನಿಸಿತು, ನಾವೂ ಒತ್ತಾಯ ಮಾಡಲಿಲ್ಲ. ಕೀಪ್ಯಾಡ್ ಫೋನಿನಲ್ಲಿ ನೆಮ್ಮದಿಯಾಗಿದ್ದಾರೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಬೆಳಿಗ್ಗೆ ಎದ್ದು ಪೇಪರ್ ಓದುತ್ತಾರೆ. ಬೇಕು ಅಂದರೆ ಅದರಲ್ಲೂ ದುಡ್ಡು ಕಳಿಸಬಹುದು, ಯುಪಿಐ 123ಪೇ ಅಂತ 2022ರಿಂದ ಇದೆ, ಇಂಟರ್ನೆಟ್ ಬೇಡ. ಎಲ್ಲರೂ ಆನ್‌ಲೈನ್ ಬರಲೇಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಕಚೇರಿಗಳಲ್ಲಿ ಎದುರಿಗೆ ಕೂತು ಕೆಲಸ ಮಾಡಿಕೊಡುವ ಮನುಷ್ಯರು ಇರಲೇಬೇಕು.

ಬೀದರ್‌ನಿಂದ

ಹಾಸನದ ಅಣ್ಣಾವ್ರೇ, ನಿಮ್ಮ ತಂದೆಯವರಿಗೆ ಬೇಡ ಅನ್ನಿಸಿತು, ಅದು ಸರಿ. ಇಲ್ಲಿ ಅಮ್ಮ ಬೇಕು ಅನ್ನುತ್ತಿದ್ದಾರೆ. ಬೇಕು ಅಂದವರಿಂದ ಕಸಿದುಕೊಳ್ಳುವುದು ಬೇರೆ.

ನಾನು ಹೇಳಬೇಕಾದದ್ದು ಫಾರ್ವರ್ಡ್‌ಗಳ ಬಗ್ಗೆ. ದುಡ್ಡಿನಷ್ಟೇ ಅದನ್ನೂ ಕಲಿಸಿರಿ. 2018ರ ಜುಲೈನಲ್ಲಿ ನಮ್ಮ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ವಾಟ್ಸಾಪ್‌ನಲ್ಲಿ ಸುದ್ದಿ ಹರಡಿ ಮುಂದಿನ ಊರಿನಲ್ಲಿ ಅವರ ಕಾರಿಗೆ ಜನ ಅಡ್ಡ ನಿಂತರು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸಬಹುದು ಅಂತ ಮಿತಿ ತಂದಿತು. ಇವತ್ತಿಗೂ ನಮ್ಮ ಅವ್ವ ‘ಮಕ್ಕಳ ಜೋಪಾನ’ ಅಂತ ಏನಾದರೂ ಬಂದರೆ ಮುಂದೆ ಕಳಿಸುವುದಿಲ್ಲ. ಮೊದಲು ಠಾಣೆಗೆ ಫೋನ್ ಮಾಡಿ ಕೇಳು ಅಂತ ನನಗೆ ಹೇಳುತ್ತಾಳೆ.

ಸೆಟ್ಟಿಂಗ್‌ನಲ್ಲಿ ಇಷ್ಟು ಮಾಡಿಡಿ. ಗೊತ್ತಿಲ್ಲದ ನಂಬರಿನ ಕರೆ ರಿಂಗ್ ಆಗದಂತೆ ವಾಟ್ಸಾಪ್‌ನಲ್ಲೇ ಒಂದು ಆಯ್ಕೆ ಇದೆ. ಪರಿಚಯದವರು ಬಿಟ್ಟು ಬೇರೆಯವರು ಗ್ರೂಪಿಗೆ ಸೇರಿಸದಂತೆ ಮಾಡಬಹುದು. ವಾಟ್ಸಾಪ್‌ಗೂ ಎರಡು ಹಂತದ ಪಿನ್ ಹಾಕಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತ ಹೆಸರಿಟ್ಟು ‘ಎಪಿಕೆ’ ಅಂತ ಮುಗಿಯುವ, ಅಂದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲ್ ಬಂದರೆ ಮುಟ್ಟಲೇಬಾರದು. ಪರಿಚಯದವರಿಂದ ಬಂದರೂ ಅಷ್ಟೇ, ಅವರ ಫೋನೇ ಹ್ಯಾಕ್ ಆಗಿರಬಹುದು. ದೊಡ್ಡವರ ಮುಖ ನೋಡಿಯೂ ನಂಬಬಾರದು. ತಮ್ಮ ಮುಖ, ದನಿ ಇಟ್ಟು ಹೂಡಿಕೆಯ ಸುಳ್ಳು ವಿಡಿಯೋ ಮಾಡುತ್ತಿದ್ದಾರೆ ಅಂತ ನಾರಾಯಣ ಮೂರ್ತಿಯವರೇ 2023ರಲ್ಲಿ ಎಚ್ಚರಿಸಿದ್ದರು.

ಮೈಸೂರಿನಿಂದ

ಮಗಳೇ, ನಾನು ನಿನ್ನ ಅಮ್ಮನ ವಯಸ್ಸಿನವಳು. ಶಿರಸಿಯವರು ಫೋನ್ ಮುಟ್ಟಬೇಡಿ ಅಂದರಲ್ಲ, ನೂರಕ್ಕೆ ನೂರು ನಿಜ. ಮಕ್ಕಳು ಫೋನ್ ಇಸ್ಕೊಂಡು ಟಕಟಕ ಅಂತ ನಾಲ್ಕು ಕಡೆ ಒತ್ತಿ ‘ಹಾಂ, ಆಯ್ತು ತಗೋ’ ಅನ್ನುತ್ತಾರೆ. ನಮಗೆ ಏನು ತಿಳಿಯಿತು? ಮತ್ತೆ ಕೇಳಿದರೆ ‘ಎಷ್ಟು ಸಲ ಹೇಳಿಕೊಡೋದಮ್ಮಾ’ ಅನ್ನುತ್ತಾರೆ. ಆ ಮಾತು ಕೇಳಿದ ಮೇಲೆ ಇನ್ನೊಂದು ಸಲ ಕೇಳಲು ಮನಸ್ಸು ಬರುವುದಿಲ್ಲ.

ನಿನ್ನ ಅಪ್ಪ ಆ ಕರೆಯ ವಿಷಯ ಅಷ್ಟು ದಿನ ಯಾಕೆ ಮುಚ್ಚಿಟ್ಟರು ಅಂತ ನಿನಗೆ ಅನ್ನಿಸಿರಬಹುದು. ಬೈಯುತ್ತಾರೆ ಅಂತ. ಫೋನ್ ಕಿತ್ತುಕೊಳ್ಳುತ್ತಾರೆ ಅಂತ. ನೋಡು, ತಮ್ಮ ಅದನ್ನೇ ಹೇಳುತ್ತಿದ್ದಾನೆ! ಅವನಿಗೂ ಕಾಳಜಿಯೇ, ಗೊತ್ತು. ಆದರೆ ಒಂದು ಸಲ ಕಿತ್ತುಕೊಂಡರೆ ಮುಂದಿನ ಸಲ ಖಂಡಿತ ಹೇಳುವುದಿಲ್ಲ. ಹೆದರಿಸುವವರು ಬಯಸುವುದೂ ಅದನ್ನೇ. ದಾವಣಗೆರೆಯ ಸಾಹೇಬರು ಬರೆದಿದ್ದಾರಲ್ಲ, ಮನೆಯವರಿಗೆ ಹೇಳಬೇಡಿ ಅಂತ ಕಟ್ಟಿಹಾಕುತ್ತಾರೆ ಅಂತ. ಮನೆಯಲ್ಲಿ ಹೇಳಿಕೊಳ್ಳಲು ಮೊದಲೇ ಭಯ ಇದ್ದರೆ ಅವರ ಕೆಲಸ ಸಲೀಸು.

ನನ್ನ ಸೊಸೆ ಒಂದು ಮಾತು ಹೇಳಿದ್ದಾಳೆ. ‘ಅತ್ತೆ, ದುಡ್ಡು ಹೋದರೂ ಪರವಾಗಿಲ್ಲ, ಆಫೀಸಿನಲ್ಲಿ ಮೀಟಿಂಗ್ ಇದ್ದರೂ ಪರವಾಗಿಲ್ಲ, ಮೊದಲು ನನಗೆ ಫೋನ್ ಮಾಡಿ.’ ಮಾಡಿದಾಗಲೆಲ್ಲ ಎತ್ತಿದ್ದಾಳೆ. ಒಂದು ಸಲ ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ ಲೈನ್ ಕಟ್ ಮಾಡುತ್ತೇವೆ ಅಂತ ಮೆಸೇಜ್ ಬಂತು. ಅವಳಿಗೆ ತೋರಿಸಿದೆ. ‘ಒಳ್ಳೆಯದಾಯಿತು ಕೇಳಿದ್ದು’ ಅಂದಳು, ಅಷ್ಟೇ. ಈಗ ನಾನು ಭಜನೆ ಮಂಡಳಿಯ ಗ್ರೂಪ್ ನೋಡಿಕೊಳ್ಳುತ್ತೇನೆ. ಟೈಪ್ ಮಾಡಲು ಕಣ್ಣು ಸಾಲದು, ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಈ ಪತ್ರವನ್ನೂ ಹಾಗೇ ಬರೆದೆ. ಅಮ್ಮನಿಗೆ ಅದನ್ನು ಮೊದಲು ತೋರಿಸಿಕೊಡು, ಖುಷಿಪಡುತ್ತಾರೆ.

ಕೇಳಿದವರು, ಮತ್ತೆ

ಎಲ್ಲರಿಗೂ ಧನ್ಯವಾದ. ಮೈಸೂರಿನ ಅಮ್ಮ ಬರೆದದ್ದನ್ನು ತಮ್ಮನಿಗೆ ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ, ಫೋನ್ ಇರಲಿ ಅಂದ. ದಿನಾ ರಾತ್ರಿ ಅಪ್ಪನಿಗೆ ತಾನೇ ಫೋನ್ ಮಾಡಿ ಇವತ್ತು ಯಾವ ಹೊಸ ನಂಬರಿನಿಂದ ಕರೆ ಬಂತು ಅಂತ ಕೇಳುತ್ತಾನಂತೆ. ಅಮ್ಮನಿಗೆ ಬೇರೆ ಖಾತೆ ತೆಗೆಸುತ್ತೇನೆ. ಅಪ್ಪನ ಬೆರಳಿನದೂ ಅದೇ ಕಥೆ, ನವೆಂಬರಿಗೆ ಮುಖ ತೋರಿಸಿಯೇ ಮಾಡಿಸುತ್ತೇನೆ. ಒಂದು ಕೇಳಬೇಕಿತ್ತು. ಅಪ್ಪನ ಖಾತೆಗೂ ಯುಪಿಐ ಜೋಡಿಸಿಬಿಟ್ಟಿದ್ದೇವೆ. ತೆಗೆಯಬಹುದಾ?

ದಾವಣಗೆರೆಯಿಂದ

ತೆಗೆಯಬಹುದಮ್ಮಾ. ಆ್ಯಪ್‌ನಲ್ಲಿ ಬ್ಯಾಂಕ್ ಖಾತೆಗಳ ಪಟ್ಟಿಗೆ ಹೋಗಿ ಆ ಖಾತೆ ತೆಗೆದುಹಾಕು. ಅಷ್ಟಕ್ಕೇ ಬಿಡಬೇಡ. ಶಾಖೆಗೆ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ ಯುಪಿಐ, ನೆಟ್ ಬ್ಯಾಂಕಿಂಗ್ ಎರಡೂ ಬೇಡ ಅಂತ ಬರೆದುಕೊಡಿಸು, ಸ್ವೀಕೃತಿ ತಗೋ. ಎಸ್ಎಂಎಸ್ ಮಾತ್ರ ನಿಲ್ಲಿಸಬೇಡ. ಅರ್ಜಿಯನ್ನು ಅವರೇ ಬರೆಯಲಿ, ಅಂಚೆ ಇಲಾಖೆಯಲ್ಲಿ ಇದ್ದವರು, ನಮಗಿಂತ ಚೆನ್ನಾಗಿ ಬರೆಯುತ್ತಾರೆ.