ಐರ್ಲೆಂಡಿನಲ್ಲಿ ಸೋಮವಾರ ಗೋರಿ ತೋಡಬಾರದು ಅಂತಾರಲ್ಲ, ಯಾಕೆ?

ಪ್ರಶ್ನೆ:
ಐರ್ಲೆಂಡಿನ ಜನಪದ ನಂಬಿಕೆಯಲ್ಲಿ ಶುಕ್ರವಾರ ಕೆಟ್ಟದ್ದು ಅನ್ನುವುದು ಅರ್ಥವಾಗುತ್ತದೆ, ಯೇಸುವನ್ನು ಶಿಲುಬೆಗೇರಿಸಿದ ದಿನ. ಆದರೆ ಸೋಮವಾರ ಗೋರಿ ತೋಡಬಾರದು ಯಾಕೆ? ಶನಿವಾರ ತೀರಿಕೊಂಡವರನ್ನು ಸೋಮವಾರ ಮಣ್ಣು ಮಾಡಬೇಕಾದರೆ ಏನು ದಾರಿ? ಡಿಸೆಂಬರ್ 28 ಬಿದ್ದ ವಾರದ ದಿನ (ಸೋಮವಾರವೋ ಮಂಗಳವಾರವೋ) ವರ್ಷವಿಡೀ ಅಶುಭ ಅನ್ನುವ ಲೆಕ್ಕವನ್ನೂ ಯಾರಾದರೂ ಬಿಡಿಸಿ ಹೇಳಿ.

ಉತ್ತರ 1:
ಸೋಮವಾರ ಮಣ್ಣು ಮಾಡುವುದಕ್ಕೆ ಅಡ್ಡಿಯಿಲ್ಲ. ತೋಡುವ ಕೆಲಸ ಸೋಮವಾರ *ಶುರು* ಆಗಬಾರದು, ಅಷ್ಟೇ. ಅದಕ್ಕೇ ಭಾನುವಾರವೇ ಸ್ಮಶಾನಕ್ಕೆ ಹೋಗಿ, ಜಾಗ ಗುರುತಿಸಿ, ಸಲಿಕೆಯಿಂದ ಹುಲ್ಲಿನ ಸಮೇತ ಒಂದೇ ಒಂದು ಹೆಂಟೆ ಎತ್ತಿ ಮಗುಚಿ ಬರುತ್ತಾರೆ. ಅಲ್ಲಿಗೆ ಕೆಲಸ ಭಾನುವಾರ ಹಿಡಿದಂತಾಯಿತು. ಮಿಕ್ಕಿದ್ದನ್ನು ಮಾರನೆಯ ಬೆಳಿಗ್ಗೆ ತೋಡಿದರೆ ದೋಷವಿಲ್ಲ. ಹೆಂಟೆ ಎತ್ತದೆ ಬಿಟ್ಟರೆ ಮನೆಯಲ್ಲಿ ಬೇಗನೆ ಇನ್ನೊಂದು ಸಾವಾದೀತೆಂಬ ಭಯ.

ಸೋಮವಾರಕ್ಕೆ ಇಷ್ಟು ಭಾರ ಏಕೆಂಬುದಕ್ಕೆ ಭಾಷೆಯಲ್ಲೇ ಒಂದು ಸುಳಿವಿದೆ. ಐರಿಷ್‌ನಲ್ಲಿ ಸೋಮವಾರ ‘ಲುವನ್’. ಲೋಕಾಂತ್ಯದಲ್ಲಿ ದೇವರು ಕೊಡುವ ಅಂತಿಮ ತೀರ್ಪಿನ ದಿನಕ್ಕೆ ‘ಲಾ ಅನ್ ಲುವಿನ್’, ಅಂದರೆ ಸೋಮವಾರದ ದಿನ ಅನ್ನುತ್ತಾರೆ.

ಉತ್ತರ 2:
ಡಿಸೆಂಬರ್ 28, ಹೆರೋದ ರಾಜ ಬೆತ್ಲೆಹೇಮಿನ ಹಸುಗೂಸುಗಳನ್ನು ಕೊಲ್ಲಿಸಿದ್ದರ ನೆನಪಿನ ದಿನ. ಐರಿಷ್‌ನಲ್ಲಿ ಅದಕ್ಕೆ ವರ್ಷದ ಮುನಿದ ದಿನ ಎಂಬರ್ಥದ ಹೆಸರಿದೆ. ಆ ದಿನ ಹೊಸದೇನನ್ನೂ ಕೈಗೆತ್ತಿಕೊಳ್ಳುವುದಿಲ್ಲ. ಅದು ಬಿದ್ದ ವಾರದ ದಿನವನ್ನು ಮುಂದಿನ ವರ್ಷವಿಡೀ ಹೊಸ ಕೆಲಸಕ್ಕೆ ಆರಿಸುವುದೂ ಇಲ್ಲ. 2025ರಲ್ಲಿ ಅದು ಭಾನುವಾರ, 2026ರಲ್ಲಿ ಸೋಮವಾರ. ವರ್ಷಕ್ಕೊಂದು ದಿನ ಮುಂದೆ ಸರಿಯುತ್ತದೆ. ನಡುವೆ ಫೆಬ್ರುವರಿ 29 ಬಂದರೆ ಎರಡು. 2023ರ ಗುರುವಾರ 2024ರಲ್ಲಿ ಶನಿವಾರಕ್ಕೆ ಹಾರಿದ್ದು ಹಾಗೆ. ಹಾಗಾಗಿ ‘ಐರಿಷ್ ಅಶುಭ ವಾರಗಳು’ ಎಂದು ಯಾರಾದರೂ ಕಾಯಂ ಪಟ್ಟಿ ಕೊಟ್ಟರೆ ಇದೊಂದು ಅದರಲ್ಲಿ ಕೂರುವುದೇ ಇಲ್ಲ.

ಉತ್ತರ 3:
ಶನಿವಾರವನ್ನು ಮರೆಯಬೇಡಿ. ಅಂದು ಮನೆ ಬದಲಾಯಿಸಿದವರು ಹೊಸ ಮನೆಯಲ್ಲಿ ಬಹಳ ದಿನ ನಿಲ್ಲುವುದಿಲ್ಲ ಎಂಬ ಗಾದೆಯೇ ಇದೆ.

ಶುಕ್ರವಾರ ಪೂರಾ ಕೆಟ್ಟದ್ದು ಅನ್ನುವುದನ್ನು ಮಾತ್ರ ಒಪ್ಪಲಾರೆ. ಗುಡ್ ಫ್ರೈಡೇಯನ್ನೇ ನೋಡಿ. ಅಂದು ಮೊಳೆ ಹೊಡೆಯುವಂತಿಲ್ಲ, ರಕ್ತ ಸುರಿಸುವಂತಿಲ್ಲ, ನೇಗಿಲು ಹೂಡುವಂತಿಲ್ಲ. ಆದರೂ ಬೆಳೆಗೆ ಆಶೀರ್ವಾದವಾಗಲಿ ಎಂದು ಒಂದಿಷ್ಟು ಬೀಜ ಮಣ್ಣಿಗೆ ಹಾಕುತ್ತಿದ್ದರು. ಅಂದು ಕೋಳಿ ಇಟ್ಟ ಮೊಟ್ಟೆಗೆ ಶಿಲುಬೆಯ ಗುರುತು ಹಾಕಿ ಎತ್ತಿಟ್ಟು, ಈಸ್ಟರ್ ಭಾನುವಾರ ಮನೆಯವರೆಲ್ಲ ತಿನ್ನುತ್ತಿದ್ದರು.

ಊರೂರಿನ ವ್ಯತ್ಯಾಸ ಬೇಕಿದ್ದರೆ, 1937ರಿಂದ 1939ರವರೆಗೆ ಶಾಲಾ ಮಕ್ಕಳು ಹಿರಿಯರನ್ನು ಕೇಳಿ ಬರೆದುಕೊಂಡ ಸಂಗ್ರಹ ಡಬ್ಲಿನ್ ವಿಶ್ವವಿದ್ಯಾಲಯ ಕಾಲೇಜಿನಲ್ಲಿದೆ, ಆನ್‌ಲೈನ್‌ನಲ್ಲೂ ಓದಬಹುದು. ಹುಡುಕುವಾಗ ವಾರದ ಹೆಸರಿನ ಜೊತೆ ಕೌಂಟಿಯ (ಅಲ್ಲಿನ ಜಿಲ್ಲೆಯ) ಹೆಸರನ್ನೂ ಕೊಡಿ.