ವೆಲ್ಷ್ ಶಾಲೆಗೆ ಸೇರಿಸಬೇಕಾ ಅಂತ ಕೇಳಿದವರಿಗೆ

ಬ್ರಿಟನ್ನಿನ ವೇಲ್ಸ್ ನಾಡಿನ ರಾಜಧಾನಿ ಕಾರ್ಡಿಫ್‌ಗೆ ಬರುತ್ತಿದ್ದೇವೆ, ಮಗಳಿಗೆ ನಾಲ್ಕು ವರ್ಷ, ನೋಡಿರುವ ಬಾಡಿಗೆ ಮನೆಯ ಪಕ್ಕದಲ್ಲೇ ವೆಲ್ಷ್ ಮೀಡಿಯಂ ಶಾಲೆ, ಅಂದರೆ ಅಲ್ಲಿನ ಸ್ವಂತ ಭಾಷೆಯಲ್ಲೇ ಪಾಠ ಮಾಡುವ ಶಾಲೆ ಇದೆ, ಸೇರಿಸಬಹುದಾ ಎಂದು ಕೇಳಿದ್ದೀರಿ. ಉತ್ತರ ಕೊಟ್ಟವರಲ್ಲಿ ಜಾಸ್ತಿ ಜನ "ಬೇಡವೇ ಬೇಡ, ಆ ಭಾಷೆ ಕಲಿತು ಏನು ಮಾಡೋದು" ಎಂದಿದ್ದಾರೆ. ಅವರಲ್ಲಿ ಒಬ್ಬರು ಲಂಡನ್‌ನವರು, ಇನ್ನೊಬ್ಬರು ನ್ಯೂಜೆರ್ಸಿಯವರು. ವೇಲ್ಸ್‌ನಲ್ಲಿ ಇರುವವರು ಯಾರೂ ಇನ್ನೂ ಬಾಯಿ ಬಿಟ್ಟಿಲ್ಲ. ನನ್ನ ಮಕ್ಕಳಿಬ್ಬರೂ ವೆಲ್ಷ್ ಶಾಲೆಯಲ್ಲೇ ಓದುತ್ತಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತಿದ್ದಾಗ ಓದಿ.

ಮೊದಲು ಇಂಗ್ಲಿಷ್ ಭಯ ಬಿಡಿ. ಕಾರ್ಡಿಫ್‌ನಲ್ಲಿ ಅಂಗಡಿ, ಬಸ್ಸು, ಪಾರ್ಕು, ಟಿವಿ ಎಲ್ಲ ಕಡೆ ಇಂಗ್ಲಿಷೇ. ಬೇಡ ಅಂದರೂ ಮಗುವಿಗೆ ಅಂಟಿಕೊಳ್ಳುತ್ತದೆ. ವೆಲ್ಷ್ ಶಾಲೆಯಲ್ಲಿ ಏಳು ವರ್ಷದವರೆಗೆ ಹೆಚ್ಚುಕಡಿಮೆ ಎಲ್ಲವೂ ವೆಲ್ಷ್‌ನಲ್ಲೇ ನಡೆಯುತ್ತದೆ. ಆಮೇಲೆ ಇಂಗ್ಲಿಷ್ ಒಂದು ಪಾಠವಾಗಿ ಸೇರಿಕೊಳ್ಳುತ್ತದೆ. ನಮ್ಮ ದೊಡ್ಡವಳು ಶಾಲೆಯಲ್ಲಿ ಇಂಗ್ಲಿಷ್ ಪಾಠ ಶುರುವಾಗುವ ಮೊದಲೇ ಬಸ್ಸಿನ ಮೇಲಿನ ಜಾಹೀರಾತು ಓದಿ ನನಗೆ ಅದು ಬೇಕು, ಇದು ಬೇಕು ಎಂದು ಹಟ ಹಿಡಿಯುತ್ತಿದ್ದಳು.

"ಮನೆಯಲ್ಲಿ ನಮಗೇ ವೆಲ್ಷ್ ಬರೋದಿಲ್ಲವಲ್ಲ" ಎನ್ನುವುದು ಎರಡನೇ ಭಯ. ಕಾರ್ಡಿಫ್‌ನ ವೆಲ್ಷ್ ಶಾಲೆಗಳಿಗೆ ಬರುವ ಬಹಳಷ್ಟು ಮಕ್ಕಳ ಮನೆಯಲ್ಲೂ ವೆಲ್ಷ್ ಇಲ್ಲ. ಒಂದು ಮಾತೂ ತಿಳಿಯದ ಮಗುವನ್ನು ಹೇಗೆ ಕೂರಿಸಿಕೊಳ್ಳಬೇಕು ಎಂದು ಟೀಚರುಗಳಿಗೆ ಚೆನ್ನಾಗಿ ಗೊತ್ತು. ಶಾಲೆಯಿಂದ ಬರುವ ಪತ್ರಗಳು ಎರಡೂ ಭಾಷೆಯಲ್ಲಿ ಇರುತ್ತವೆ. ಎರಡು ವರ್ಷದಿಂದಲೇ ಕಳಿಸುವಂಥ ವೆಲ್ಷ್ ಶಿಶುವಿಹಾರಗಳಿವೆ, 1971ರಿಂದ ಒಂದು ಸಂಸ್ಥೆ ಇದಕ್ಕೇ ಅಂತ ದುಡಿಯುತ್ತಿದೆ. ಎಂಟು, ಒಂಬತ್ತು ವರ್ಷಕ್ಕೆ ಬಂದಿಳಿದ ಮಕ್ಕಳಿಗೆ ಕೆಲವು ತಿಂಗಳು ಬರೀ ವೆಲ್ಷ್ ಕಲಿಸಿ ಆಮೇಲೆ ಶಾಲೆಗೆ ಬಿಡುವ ಕೇಂದ್ರಗಳೂ ಇವೆ. ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಇಂಗ್ಲಿಷ್ ಮೀಡಿಯಂಗೆ ಹಾಕಿದರೂ 16 ವರ್ಷದವರೆಗೆ ವೆಲ್ಷ್ ಕಡ್ಡಾಯ. ಅಂದರೆ ವೆಲ್ಷ್ ಬೇಕಾ ಬೇಡವಾ ಎಂಬ ಪ್ರಶ್ನೆಯೇ ಇಲ್ಲ. ಅರೆಬರೆ ಕಲಿಯಬೇಕಾ, ಸರಿಯಾಗಿ ಕಲಿಯಬೇಕಾ ಅಷ್ಟೇ.

ಹೋಂವರ್ಕ್ ವಿಷಯ ಮುಚ್ಚಿಡುವುದಿಲ್ಲ. ಕಷ್ಟವೇ. ಆದರೆ ವೆಲ್ಷ್‌ನಲ್ಲಿ ಬರೆದಂತೆಯೇ ಓದುವುದು. ಡಬ್ಲ್ಯೂ ಬಂದರೆ ಹೆಚ್ಚಾಗಿ ಉಕಾರ, ಒಂದೇ ಎಫ್ ಬಂದರೆ ವಕಾರ, ಇಂಥ ಹತ್ತು ಹದಿನೈದು ನಿಯಮ ಗೊತ್ತಾದರೆ ಅರ್ಥ ತಿಳಿಯದಿದ್ದರೂ ಪುಸ್ತಕ ಗಟ್ಟಿಯಾಗಿ ಓದಬಹುದು. ಎರಡು ಎಲ್ ಜೊತೆಗೆ ಬಂದಾಗ ಮಾತ್ರ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬದಿಯಿಂದ ಗಾಳಿ ಬಿಡಬೇಕು. ರಾತ್ರಿ ಮಲಗುವ ಮುಂಚೆ ಚಿಕ್ಕವನಿಗೆ ಓದಿ ಹೇಳುವಾಗ ಅವನು ನನ್ನ ಬಾಯಿಯನ್ನೇ ನೋಡುತ್ತಿರುತ್ತಾನೆ. "ಅಮ್ಮ, ಉಗುಳಬೇಡ, ಊದು" ಅನ್ನುತ್ತಾನೆ. ಅದನ್ನು ಕನ್ನಡದಲ್ಲೇ ಅನ್ನುತ್ತಾನೆ, ಅದು ನನಗೆ ಸಾಕು.

ಈಗ "ಏನು ಉಪಯೋಗ" ಎಂದವರಿಗೆ. 2021ರ ಜನಗಣತಿಯಲ್ಲಿ ವೇಲ್ಸ್‌ನ ಜನಸಂಖ್ಯೆ ಸುಮಾರು 31 ಲಕ್ಷ. ವೆಲ್ಷ್ ಮಾತಾಡುವವರು 5.38 ಲಕ್ಷ, ನೂರಕ್ಕೆ ಹದಿನೆಂಟಕ್ಕೂ ತುಸು ಕಡಿಮೆ. ನಮ್ಮಲ್ಲಿ 2011ರ ಜನಗಣತಿಯ ಪ್ರಕಾರ ತುಳು ಆಡುವವರೇ 18 ಲಕ್ಷಕ್ಕಿಂತ ಹೆಚ್ಚು. ಅಷ್ಟು ಚಿಕ್ಕ ಭಾಷೆಗೆ ಸ್ವಂತ ಟಿವಿ ಚಾನೆಲ್ ಇದೆ, ರೇಡಿಯೋ ಇದೆ, ರಸ್ತೆಯ ಪ್ರತಿ ಫಲಕದಲ್ಲಿ ಜಾಗ ಇದೆ. ಕಾರ್ಡಿಫ್‌ನ ಸೆನೆದ್, ಅಂದರೆ ಅವರ ಶಾಸನಸಭೆ, ಅಲ್ಲಿ ಬೇಕಾದವರು ವೆಲ್ಷ್‌ನಲ್ಲೇ ವಾದ ಮಾಡುತ್ತಾರೆ, ಉಳಿದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅನುವಾದ ಕೇಳುತ್ತಾರೆ. 2050ರೊಳಗೆ ಹತ್ತು ಲಕ್ಷ ಜನ ಮಾತಾಡುವಂತಾಗಬೇಕು ಎಂದು ಸರ್ಕಾರವೇ ಗುರಿ ಇಟ್ಟುಕೊಂಡಿದೆ. ಹಾಗಾಗಿ ಶಾಲೆ, ಕೌನ್ಸಿಲ್, ಆಸ್ಪತ್ರೆ, ಮಾಧ್ಯಮ, ಎಲ್ಲ ಕಡೆ ಎರಡೂ ಭಾಷೆ ಬಲ್ಲವರಿಗೆ ಬೇಡಿಕೆ ಇದೆ. ಉಪಯೋಗ ಅಂದರೆ ಸಂಬಳ ಎಂದುಕೊಂಡವರಿಗೂ ಇಷ್ಟು ಉತ್ತರ ಸಾಕು ಅನಿಸುತ್ತದೆ.

ಇದೇನೂ ಸುಮ್ನೆ ಸಿಕ್ಕಿದ್ದಲ್ಲ. 19ನೇ ಶತಮಾನದಲ್ಲಿ ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕುತ್ತಿಗೆಗೆ ಮರದ ಬಿಲ್ಲೆ ನೇತುಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಮಾತಾಡಿ ಸಿಕ್ಕಿಬಿದ್ದರೆ ಬಿಲ್ಲೆ ಅದರ ಕುತ್ತಿಗೆಗೆ ಹೋಗುತ್ತಿತ್ತು. ದಿನದ ಕೊನೆಗೆ ಯಾರ ಕುತ್ತಿಗೆಯಲ್ಲಿ ಉಳಿಯಿತೋ ಅವರಿಗೆ ಪೆಟ್ಟು. 1847ರಲ್ಲಿ ಇಂಗ್ಲಿಷ್ ಮಾತ್ರ ಬರುವ ಮೂವರು ಕಮಿಷನರುಗಳು ವೇಲ್ಸ್‌ನ ಶಾಲೆಗಳನ್ನು ನೋಡಿ, ಈ ಜನ ಹಿಂದುಳಿಯಲು ಅವರ ಭಾಷೆಯೇ ಕಾರಣ ಎಂಬಂತೆ ವರದಿ ಬರೆದರು. ಇವತ್ತಿಗೂ ಆ ವರದಿಯ ಹೆಸರೆತ್ತಿದರೆ ಹಿರಿಯರ ಮುಖ ಬಿಗಿಯುತ್ತದೆ.

ನನಗೆ ಎಲ್ಲಕ್ಕಿಂತ ಹತ್ತಿರ ಅನಿಸುವುದು ಟ್ರವೆರಿನ್ ಕಥೆ. ಉತ್ತರ ವೇಲ್ಸ್‌ನ ಆ ಕಣಿವೆಯಲ್ಲಿ ಕಪೆಲ್ ಕೆಲಿನ್ ಎಂಬ ಹಳ್ಳಿ ಇತ್ತು. ಚರ್ಚು, ಶಾಲೆ, ಪೋಸ್ಟಾಫೀಸು, ಸ್ಮಶಾನ, ಸುತ್ತ ಒಂದಿಷ್ಟು ಹೊಲಮನೆ. ಪೂರ್ತಿ ವೆಲ್ಷ್ ಮಾತಾಡುವ ಊರು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಎಂದು 1957ರಲ್ಲಿ ಲಂಡನ್ ಪಾರ್ಲಿಮೆಂಟು ಆ ಕಣಿವೆಗೆ ಅಣೆಕಟ್ಟು ಕಟ್ಟುವ ಮಸೂದೆ ಪಾಸು ಮಾಡಿತು. ವೇಲ್ಸ್‌ನ ಒಬ್ಬ ಎಂಪಿಯೂ ಅದರ ಪರ ಓಟು ಹಾಕಿರಲಿಲ್ಲ. ಆದರೂ 1965ರಲ್ಲಿ ಊರು ಮುಳುಗಿತು. ನಮ್ಮ ಮನೆಯವರ ಅಜ್ಜನ ಮನೆ ಶರಾವತಿ ಹಿನ್ನೀರಿನಲ್ಲಿ ಹೋಗಿದೆ, ಲಿಂಗನಮಕ್ಕಿ ಕಟ್ಟಿದ ಕಾಲವೂ ಹೆಚ್ಚುಕಡಿಮೆ ಇದೇ. ಟ್ರವೆರಿನ್ ಅಣೆಕಟ್ಟಿನ ದಂಡೆಯಲ್ಲಿ ನಿಂತಾಗ ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. 2005ರಲ್ಲಿ ಲಿವರ್‌ಪೂಲ್ ಕೌನ್ಸಿಲ್ ಕ್ಷಮೆ ಕೇಳಿತು. ಅಬರಿಸ್ಟ್‌ವಿತ್ ಕಡೆ ಹೋಗುವಾಗ ರಸ್ತೆ ಬದಿಯ ಒಂದು ಮುರುಕು ಗೋಡೆ ಮೇಲೆ ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಲ್ಲಿ "ಟ್ರವೆರಿನ್ ನೆನಪಿಡಿ" ಎಂದು ವೆಲ್ಷ್‌ನಲ್ಲಿ ಬರೆದಿರುವುದು ಕಾಣುತ್ತದೆ. ಯಾರೋ ಅಳಿಸುತ್ತಾರೆ, ಕೆಡವುತ್ತಾರೆ, ಮತ್ತೆ ಯಾರೋ ಬರೆಯುತ್ತಾರೆ.

ಆ ಸಿಟ್ಟೇ ಮುಂದೆ ಭಾಷೆಯ ಚಳವಳಿಗೂ ಬಲ ಕೊಟ್ಟಿತು. ಹುಡುಗ ಹುಡುಗಿಯರು ಬರೀ ಇಂಗ್ಲಿಷ್‌ನಲ್ಲಿದ್ದ ರಸ್ತೆ ಫಲಕಗಳಿಗೆ ಬಣ್ಣ ಬಳಿದು ಜೈಲಿಗೆ ಹೋದರು. ವೆಲ್ಷ್ ಚಾನೆಲ್ ಕೊಡುತ್ತೇವೆ ಎಂದ ಥ್ಯಾಚರ್ ಸರ್ಕಾರ ಮಾತು ತಪ್ಪಿದಾಗ, 1980ರಲ್ಲಿ ಗ್ವಿನ್ವೋರ್ ಎವನ್ಸ್ ಎಂಬ ಹಿರಿಯ ರಾಜಕಾರಣಿ ಆಮರಣಾಂತ ಉಪವಾಸ ಕೂರುತ್ತೇನೆ ಎಂದರು. ಸರ್ಕಾರ ಮಣಿಯಿತು, 1982ರ ನವೆಂಬರ್ 1ರಂದು ಚಾನೆಲ್ ಶುರುವಾಯಿತು. ಹೌದು, ನವೆಂಬರ್ ಒಂದೇ! ಊರಲ್ಲಿ ಗೋಕಾಕ್ ಚಳವಳಿ ನಡೆದ ವರ್ಷವೂ ಅದೇ.

ಮಕ್ಕಳಿಗೆ ಶಾಲೆಯಲ್ಲಿ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಹಾಡು, ಪದ್ಯ, ವೇದಿಕೆ. ಐಸ್ತೆದ್ವೊಡ್ ಎಂಬುದು ಇವರ ಕಾವ್ಯ ಸಂಗೀತದ ಜಾತ್ರೆ, 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ನಡೆದದ್ದೇ ಮೊದಲನೆಯದು ಎನ್ನುತ್ತಾರೆ. ಗೆದ್ದ ಕವಿಗೆ ಕೆತ್ತನೆ ಮಾಡಿದ ಮರದ ಕುರ್ಚಿ ಕೊಡುತ್ತಾರೆ, ನಿಜವಾದ ಕುರ್ಚಿ, ಮನೆಗೆ ಹೊತ್ತುಕೊಂಡು ಹೋಗುವಂಥದ್ದು. 1914ರಲ್ಲಿ ಅಬರಿಸ್ಟ್‌ವಿತ್ ಕಾಲೇಜಿನ ಐಸ್ತೆದ್ವೊಡ್‌ನಲ್ಲಿ ಕುರ್ಚಿ ಗೆದ್ದವಳು ಡೊರೊತಿ ಬೊನರ್ಜಿ, ಬರೇಲಿಯಲ್ಲಿ ಹುಟ್ಟಿದ ಬಂಗಾಳಿ ಮನೆತನದ ಹುಡುಗಿ. ಗುಪ್ತನಾಮದಲ್ಲಿ ಬರೆಯುವ ಸ್ಪರ್ಧೆ, ಹೆಸರು ಕೂಗಿದಾಗ ಎದ್ದು ನಿಂತವಳನ್ನು ನೋಡಿ ಸಭೆ ಹೇಗಾಗಿರಬೇಡ! ಮಕ್ಕಳಿಗೆ ಬೇರೆಯದೇ ಐಸ್ತೆದ್ವೊಡ್ ಇದೆ. ಮೊದಲು ನಮ್ಮ ಭಾಗದ ಸುತ್ತು, ಆಮೇಲೆ ಜಿಲ್ಲೆಯಂಥದ್ದು, ಕೊನೆಗೆ ರಾಷ್ಟ್ರಮಟ್ಟ. ಜನವರಿಯಿಂದಲೇ ಮನೆಯಲ್ಲಿ ಪದ್ಯ ಬಾಯಿಪಾಠ ಶುರು. ನಮ್ಮ ಮಗಳು ಅದೇ ಏರಿಳಿತದಲ್ಲಿ ಬಸವಣ್ಣನ ವಚನ ಹೇಳಿದ್ದನ್ನು ಕೇಳಿ ನಮ್ಮತ್ತೆ ಫೋನಿನಲ್ಲೇ ನಕ್ಕರು. ಆದರೆ ಹೇಳಿದಳಲ್ಲ!

ನಾನು ವೆಲ್ಷ್ ಶಾಲೆ ಪರ ನಿಲ್ಲುವ ಮುಖ್ಯ ಕಾರಣ ಇದೇ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಬೀದಿಯಲ್ಲಿ ಒಂದು ಎಂಬುದು ಆ ಶಾಲೆಯಲ್ಲಿ ವಿಚಿತ್ರ ಅಲ್ಲ. ಗೇಟಿನ ಹತ್ತಿರ ನಾನು ಕನ್ನಡದಲ್ಲಿ ಕೂಗಿದರೆ ಮಕ್ಕಳು ಮುಖ ತಿರುಗಿಸುವುದಿಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಕ್ಕಳು "ಅಮ್ಮ, ಇಲ್ಲಿ ಬೇಡ" ಅನ್ನುತ್ತಾರೆ. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಎನ್ನಲಾರೆ, ನಾನು ಕಂಡದ್ದು ಹೇಳಿದೆ.

ವೆಲ್ಷ್ ಜನ ತಾವೂ ಅನಿವಾಸಿಗಳಾಗಿದ್ದವರು. 1865ರಲ್ಲಿ ಸುಮಾರು 150 ಜನ ಮಿಮೋಸಾ ಎಂಬ ಹಡಗು ಹತ್ತಿ ಅರ್ಜೆಂಟೀನಾದ ಪ್ಯಾಟಗೋನಿಯಾಕ್ಕೆ ಹೋದರು. ಇಂಗ್ಲಿಷ್ ಒತ್ತಡ ಇಲ್ಲದ ಕಡೆ ತಮ್ಮ ಭಾಷೆ, ತಮ್ಮ ಪ್ರಾರ್ಥನೆ ಇಟ್ಟುಕೊಳ್ಳಬೇಕು ಅಂತ. ಇಳಿದದ್ದು ಗಾಳಿ ಬೀಸುವ ಒಣ ನೆಲಕ್ಕೆ. ಇವತ್ತಿಗೂ ಗೈಮನ್, ಟ್ರೆವೆಲಿನ್ ಊರುಗಳಲ್ಲಿ ವೆಲ್ಷ್ ಮಾತಾಡುವವರು ಸಿಗುತ್ತಾರೆ, ಪೇಟೆಯಲ್ಲಿ ಸ್ಪ್ಯಾನಿಷ್ ಇದ್ದರೂ. ಹೇಗೆ ಉಳಿಸಿಕೊಂಡರು? ವಾರವಾರ ಸೇರುವ ಪ್ರಾರ್ಥನಾ ಮಂದಿರ, ಗಾಯನ ತಂಡ, ತಮ್ಮದೇ ಶಾಲೆ, 1891ರಲ್ಲಿ ಶುರುವಾದ ಪತ್ರಿಕೆ, ಐಸ್ತೆದ್ವೊಡ್. ಈಗಲೂ ವೇಲ್ಸ್‌ನಿಂದ ಟೀಚರುಗಳನ್ನು ಅಲ್ಲಿಗೆ ಕಳಿಸುತ್ತಾರೆ. ನಾವೋ, ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಉಂಡು, ಸಿನಿಮಾ ಹಾಡಿಗೆ ಮಕ್ಕಳನ್ನು ಕುಣಿಸಿ, ಕಾರ್ಯಕ್ರಮ ಇಂಗ್ಲಿಷ್‌ನಲ್ಲಿ ನಿರೂಪಿಸಿ ಮನೆಗೆ ಹೋಗುತ್ತೇವೆ. ಬೇಜಾರಾದರೆ ಆಗಲಿ, ಹೇಳಿಬಿಟ್ಟೆ.

ಯಾರಿಗೆ ವೆಲ್ಷ್ ಶಾಲೆ ಬೇಡ ಅಂದರೆ, ವರ್ಷ ಎರಡು ವರ್ಷಕ್ಕೆ ಇಂಗ್ಲೆಂಡಿಗೆ ಹೋಗುವುದು ಖಚಿತ ಇರುವವರಿಗೆ. ಶಾಲೆಯಲ್ಲಿ ಇಂಗ್ಲಿಷ್ ಓದು ಶುರುವಾಗುವ ಮುಂಚೆಯೇ ಮಗುವನ್ನು ಕಿತ್ತು ಬೇರೆ ಕಡೆ ನೆಟ್ಟಂತಾಗುತ್ತದೆ. ಹೈಸ್ಕೂಲಿಗೆ ವೆಲ್ಷ್ ಶಾಲೆಗಳು ಕಡಿಮೆ, ಬಸ್ಸಿನಲ್ಲಿ ದೂರ ಹೋಗಬೇಕಾಗಬಹುದು, ಅದನ್ನೂ ಯೋಚಿಸಿ.

ಉಳಿದದ್ದು ಬೇಗ ಹೇಳುತ್ತೇನೆ. ಇಲ್ಲಿಯವರನ್ನು ಇಂಗ್ಲಿಷರು ಎನ್ನಬೇಡಿ, ಉತ್ತರದಲ್ಲಿ ನಮ್ಮನ್ನೆಲ್ಲ ಮದ್ರಾಸಿ ಎಂದಾಗ ಹೇಗಿರುತ್ತದೋ ಹಾಗೆ. ಡಾಕ್ಟರ್ ಬರೆದ ಮಾತ್ರೆಗೆ 2007ರಿಂದ ದುಡ್ಡು ಕೊಡಬೇಕಿಲ್ಲ. ಸರ್ಕಾರಿ ಪ್ರೈಮರಿ ಮಕ್ಕಳಿಗೆ ಮಧ್ಯಾಹ್ನದ ಊಟ ಉಚಿತ. ಮಾರ್ಚ್ 1 ಸಂತ ಡೇವಿಡ್ ದಿನ, ಹೆಣ್ಣುಮಕ್ಕಳಿಗೆ ಶಾಲು ಮತ್ತು ಉದ್ದ ಕಪ್ಪು ಟೋಪಿ ಬೇಕು, ಫೆಬ್ರವರಿಯಲ್ಲೇ ಕೊಳ್ಳಿ, ಆಮೇಲೆ ಸಿಗೋದಿಲ್ಲ. ಆ ದಿನ ಒಣದ್ರಾಕ್ಷಿ ಹಾಕಿದ ಸಣ್ಣ ವೆಲ್ಷ್ ಕೇಕುಗಳನ್ನು ದಪ್ಪ ಕಬ್ಬಿಣದ ಕಾವಲಿಯ ಮೇಲೆ ಬೇಯಿಸುತ್ತಾರೆ. ಒಲೆ ಸಣ್ಣ ಉರಿಯಲ್ಲಿರಬೇಕು, ಇಲ್ಲವಾದರೆ ಹೊರಗೆ ಸೀದು ಒಳಗೆ ಹಸಿ. ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಸಸ್ಯಾಹಾರಿಗಳು ಕೇಳಿಕೊಂಡು ತಿನ್ನಿ. ದೇವಸ್ಥಾನ ಕೇಳಿದವರಿಗೆ: ಕಾರ್ಮಾರ್ಥನ್ ಕಡೆ ಕಾಡಿನ ನಡುವೆ ಸ್ಕಂದ ವೇಲ್ ಇದೆ, ಸುಬ್ರಹ್ಮಣ್ಯನೂ ಇದ್ದಾನೆ, ರಂಗನಾಥನೂ ಇದ್ದಾನೆ, ಊಟವೂ ಹಾಕುತ್ತಾರೆ. ವೆಲ್ಷ್‌ಪೂಲ್ ಹತ್ತಿರ ಪೋವಿಸ್ ಕೋಟೆಯಲ್ಲಿ ಟಿಪ್ಪುವಿನ ಡೇರೆ ಇದೆ. ಬಿಳಿ ಹತ್ತಿ ಬಟ್ಟೆಯ ಮೇಲೆ ಹೂಜಿಯಿಂದ ಚಿಮ್ಮುವ ಹೂಗೊಂಚಲು, ಬಣ್ಣ ಇನ್ನೂ ಮಾಸಿಲ್ಲ. ಅವನ ಸಿಂಹಾಸನದ ಚಿನ್ನದ ಹುಲಿತಲೆಯೂ ಒಂದು ಅಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನದ ಕೋಟೆ ಅದು. ಮಕ್ಕಳಿಗೆ ತೋರಿಸಿ, ಹೇಗೆ ಬಂತು ಎಂದೂ ಹೇಳಿ.

ಶಾಲೆಯ ಅರ್ಜಿ ಕಾರ್ಡಿಫ್ ಕೌನ್ಸಿಲ್ ಮೂಲಕ ಹಾಕಬೇಕು, ವೆಲ್ಷ್ ಮೀಡಿಯಂಗೂ ಅದೇ ಅರ್ಜಿ. ಮನೆ ಪಕ್ಕದಲ್ಲೇ ಇದೆ ಎಂದು ಸೀಟು ಗ್ಯಾರಂಟಿ ಅಂದುಕೊಳ್ಳಬೇಡಿ. ಬಾಡಿಗೆ ಕರಾರು ಕೈಗೆ ಬಂದ ದಿನವೇ ಹಾಕಿ, ಎರಡನೇ ಆಯ್ಕೆಯನ್ನೂ ತುಂಬಿ.