ಹೊಟ್ಟೆ ಸ್ಕ್ಯಾನಿಂಗಲ್ಲಿ ಏನೂ ಕಾಣ್ಲಿಲ್ಲ ಅಂದ್ಮೇಲೂ ಪ್ರೊಸ್ಟೇಟ್ ಬಯಾಪ್ಸಿ ಬೇಕಾ?

ದಾವಣಗೆರೆ_ಹುಡುಗ:
ಅಪ್ಪಂಗೆ 68 ವರ್ಷ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳ್ತಾರೆ, ಎದ್ರೂ ಸಲೀಸಾಗಿ ಬರಲ್ಲ. ಪಿಎಸ್‌ಎ ಬ್ಲಡ್ ಟೆಸ್ಟ್ (ಮೂತ್ರಕೋಶದ ಕೆಳಗಿರೋ ಪ್ರೊಸ್ಟೇಟ್ ಗ್ರಂಥಿ ಬಿಡೋ ಪ್ರೋಟೀನು, ಕ್ಯಾನ್ಸರ್ ಇದ್ರೆ ಏರ್ಬೋದು) 9.4 ಬಂತು. ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟಲ್ಲಿ ಪ್ರೊಸ್ಟೇಟ್ 48 ಸಿಸಿ, ಗ್ರೇಡ್ 2 ಪ್ರೊಸ್ಟಾಟೊಮೆಗಲಿ ಅಂತಷ್ಟೇ ಇದೆ, ಗಡ್ಡೆಗಿಡ್ಡೆ ಅಂತ ಏನೂ ಬರೆದಿಲ್ಲ. ಈಗ ಯೂರಾಲಜಿಸ್ಟು ಎಂಆರ್‌ಐ ಮಾಡ್ಸಿ, ಆಮೇಲೆ ಬಯಾಪ್ಸಿ ಬೇಕಾಗ್ಬೋದು ಅಂತಿದಾರೆ. ಸ್ಕ್ಯಾನಿಂಗಲ್ಲೇ ಏನಿಲ್ಲ ಅಂದ್ಮೇಲೆ ಸೂಜಿ ಯಾಕೆ ಚುಚ್ಚಿಸ್ಕೋಬೇಕು, ಎಲ್ಲಾ ದುಡ್ಡು ಕೀಳೋಕೆ ಅಂತ ಅಪ್ಪಂದು ಹಠ. ಗ್ರೇಡ್ 2 ಅಂದ್ರೆ ಕ್ಯಾನ್ಸರ್ ಎರಡನೇ ಸ್ಟೇಜಾ ಅಂತ ಅಮ್ಮ ಬೇರೆ ಅಳ್ತಾ ಕೂತಿದಾರೆ.

ಸ್ಕ್ಯಾನ್_ರೂಮ್:
ಮೊದ್ಲು ಅಮ್ಮಂಗೆ ಧೈರ್ಯ ಹೇಳಿ. ಗ್ರೇಡ್ 2 ಅಂದ್ರೆ ಗ್ರಂಥಿ ಎಷ್ಟು ದೊಡ್ಡದಾಗಿದೆ ಅನ್ನೋ ಲೆಕ್ಕ, ಕ್ಯಾನ್ಸರ್ ಸ್ಟೇಜಲ್ಲ. ನಾನು ರೇಡಿಯಾಲಜಿಲಿರೋದು, ಈ ಪ್ರಶ್ನೆ ದಿನಾ ಬರುತ್ತೆ. ಹೊಟ್ಟೆ ಮೇಲೆ ಜೆಲ್ ಹಚ್ಚಿ ನೋಡೋವಾಗ ತುಂಬಿದ ಮೂತ್ರಕೋಶದ ಮೂಲಕ ಪ್ರೊಸ್ಟೇಟ್ ನೋಡ್ಬೇಕು, ಸೈಜ್ ಸಿಗುತ್ತೆ, ಹೊಯ್ದ ಮೇಲೆ ಮೂತ್ರ ಎಷ್ಟು ಉಳಿದಿದೆ, ಕಿಡ್ನಿ ಊದಿದ್ಯಾ ಗೊತ್ತಾಗುತ್ತೆ, ಕ್ಯಾನ್ಸರ್ ಇಲ್ಲ ಅಂತ ಮಾತ್ರ ಅದ್ರಿಂದ ಹೇಳೋಕಾಗಲ್ಲ. ಗುದದ್ವಾರದಿಂದ ಪ್ರೋಬ್ ಹಾಕಿ ಮಾಡೋ ಟ್ರಸ್ ಸ್ಕ್ಯಾನಲ್ಲಿ ಹತ್ತಿರದಿಂದ ಕಾಣುತ್ತೆ, ಕ್ಯಾನ್ಸರ್ ಇದ್ರೆ ಹಿಂಬದಿ ಅಂಚಲ್ಲಿ ಕಪ್ಪು ಮಚ್ಚೆ ಥರ ಕಾಣ್ಬೋದು, ಆದ್ರೆ ಸುಮಾರು ಗಡ್ಡೆಗಳು ಸುತ್ತಲಿನ ಭಾಗದಷ್ಟೇ ಬೂದು ಇರ್ತವೆ, ಕಣ್ಣಿಗೇ ಬೀಳಲ್ಲ. ಉಲ್ಟಾ, ಬರೀ ಉರಿಯೂತ ಇದ್ರೂ ಕಪ್ಪಗೆ ಕಾಣುತ್ತೆ. ಅದಕ್ಕೇ ಟ್ರಸ್‌ನ ಹೆಚ್ಚಾಗಿ ಸೂಜಿಗೆ ದಾರಿ ತೋರ್ಸೋಕೆ ಬಳಸೋದು, 10-12 ಕಡೆಯಿಂದ ದಾರದಷ್ಟು ತೆಳು ಚೂರು ತೆಗೀತಾರೆ.

ಹಂಗಂತ ನಿಮ್ ಸ್ಕ್ಯಾನ್ ದಂಡ ಅಲ್ಲ. 9.4ನ 48ರಿಂದ ಭಾಗಿಸಿ, ಹತ್ತತ್ರ 0.2. ಇದು ಪಿಎಸ್‌ಎ ಡೆನ್ಸಿಟಿ, 0.15 ದಾಟಿದ್ರೆ ಅನುಮಾನ ಜಾಸ್ತಿ. ಇದೇ 9.4 ನೂರು ಸಿಸಿ ಗ್ರಂಥಿಲಿ ಬಂದಿದ್ರೆ ಮಾತೇ ಬೇರೆ ಇತ್ತು, ದೊಡ್ಡ ಗ್ರಂಥಿ ತಾನೇ ಜಾಸ್ತಿ ಪಿಎಸ್‌ಎ ಬಿಡುತ್ತೆ.

ಧಾರವಾಡ_ಪೇಡೆ:
ನಮ್ಮ ಕಾಕಾಗೂ ಹಿಂಗ ಆಗಿತ್ರೀ. ಮೂತ್ರದ ಇನ್ಫೆಕ್ಷನ್ ಇದ್ರೂ ಪಿಎಸ್‌ಎ ಏರತೈತಿ, ಕ್ಯಾಥೆಟರ್ ಹಾಕಿದ್ರೂ ಅಷ್ಟ, ಅದಕ ಯೂರಿನ್ ಕಲ್ಚರ್ ಮೊದಲ ಮಾಡಸ್ರಿ. ಬಯಾಪ್ಸಿ ಗನ್ನಿನ ಟಪ್ ಅನ್ನೋ ಸಪ್ಪಳಕ್ಕ ಕಾಕಾ ಬೆಚ್ಚಿಬಿದ್ದಿದ್ರು, ನೋವು ಅಷ್ಟೇನಿಲ್ಲ ಅಂದ್ರು. ಆಮ್ಯಾಲ ಸ್ವಲ್ಪ ದಿನ ಮೂತ್ರದಾಗ ರಕ್ತ ಹೋಕ್ಕಿತ್ತು. ಟ್ರಾನ್ಸ್‌ಪೆರಿನಿಯಲ್ ಮಾಡ್ತೀರೇನು ಅಂತ ಕೇಳ್ರಿ, ಅಂದ್ರ ಸೂಜಿ ಗುದದ್ವಾರದ ಒಳಗಿಂದಲ್ಲ, ಅದರ ಮುಂದಿನ ಚರ್ಮದಿಂದ ಹಾಕ್ತಾರ, ಇನ್ಫೆಕ್ಷನ್ ಅಂಜಿಕಿ ಕಡಿಮಿ. ರಕ್ತ ತೆಳು ಮಾಡೋ ಗುಳಿಗಿ ತಗೋತಿದ್ರ ಮೊದಲ ಹೇಳ್ರಿ.

ಟೊರೊಂಟೊ_ಕನ್ನಡಿಗ:
ಎಂಆರ್‌ಐ ಮೊದ್ಲು ಅಂತಿರೋದು ದುಡ್ಡಿಗಲ್ಲ ಸಾರ್. ಬ್ರಿಟನ್‌ನ ಪ್ರಾಮಿಸ್ ಸ್ಟಡಿ, 2017ರದ್ದು, ಅದ್ರಲ್ಲಿ ಅಪಾಯದ ಕ್ಯಾನ್ಸರ್‌ಗಳಲ್ಲಿ ಟ್ರಸ್ ಬಯಾಪ್ಸಿಗೆ ಸಿಕ್ಕಿದ್ದು 48%, ಎಂಆರ್‌ಐಗೆ 93%. ಅದೂ ಅಲ್ದೆ ಬಯಾಪ್ಸಿ ಮೊದ್ಲು ಮಾಡಿದ್ರೆ ಒಳಗಿನ ರಕ್ತಸ್ರಾವದಿಂದ ಎಂಆರ್‌ಐ ಚಿತ್ರ ಕೆಲವು ವಾರ ಕೆಡುತ್ತೆ. ಇಲ್ಲಿ ಈಗ ಮೈಕ್ರೋ ಅಲ್ಟ್ರಾಸೌಂಡ್ ಅಂತ ಬಂದಿದೆ, 29 ಮೆಗಾಹರ್ಟ್ಸ್, ಮಾಮೂಲಿ ಟ್ರಸ್‌ಗಿಂತ ತುಂಬಾ ಜಾಸ್ತಿ, 2025ರಲ್ಲಿ ಬಂದ ಆಪ್ಟಿಮಮ್ ಟ್ರಯಲ್‌ನಲ್ಲಿ ಅದನ್ನ ನೋಡ್ಕೊಂಡು ಮಾಡಿದ ಬಯಾಪ್ಸಿ ಎಂಆರ್‌ಐ ಹಿಡ್ಕೊಂಡು ಮಾಡಿದ್ದಕ್ಕಿಂತ ಕಮ್ಮಿಯೇನಿರ್ಲಿಲ್ಲ. ಆದ್ರೆ ಅದಕ್ಕೆ ಅಂತ ಊರೂರು ಅಲೀಬೇಡಿ, ಎಂಆರ್‌ಐ ಕೈಗೆ ಸಿಗ್ತಿದೆಯಲ್ಲ, ಸಾಕು.

ದಾವಣಗೆರೆ_ಹುಡುಗ:
ಥ್ಯಾಂಕ್ಸ್. ಇನ್ನೊಂದು, ಅಪ್ಪ ಒಂದು ವರ್ಷದಿಂದ ಪ್ರೊಸ್ಟೇಟಿಗೆ ಮಾತ್ರೆ ತಗೋತಿದಾರೆ, ಸ್ಟ್ರಿಪ್ ಮೇಲೆ ಟ್ಯಾಮ್ಸುಲೋಸಿನ್, ಡುಟಾಸ್ಟರೈಡ್ ಅಂತಿದೆ. ಇದ್ರಿಂದ ಏನಾದ್ರೂ ವ್ಯತ್ಯಾಸ ಆಗುತ್ತಾ?

ಸ್ಕ್ಯಾನ್_ರೂಮ್:
ಆಗುತ್ತೆ! ಹಾಗಾದ್ರೆ ನಾನು ಕೊಟ್ಟ 0.2 ಲೆಕ್ಕ ಬಿಟ್ಟಾಕಿ. ಡುಟಾಸ್ಟರೈಡ್ ತಗೊಂಡು ಆರು ತಿಂಗ್ಳಾದ್ಮೇಲೆ ಪಿಎಸ್‌ಎ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಅಂದ್ರೆ 9.4ನ ಸುಮಾರು 18, 19 ಅಂತ ಓದ್ಬೇಕು. ಆ ಸ್ಟ್ರಿಪ್ ತಗೊಂಡೋಗಿ ಯೂರಾಲಜಿಸ್ಟಿಗೆ ತೋರ್ಸಿ, ಎಂಆರ್‌ಐ ಡೇಟ್ ಮುಂದಕ್ಕೆ ಹಾಕ್ಬೇಡಿ, ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ.